ಹರಾಜಣ್ಣನ ಹೂಂ

ಫೆಬ್ರವರಿ 3, ಸೋಮವಾರ

ಕೊನೆಯ ವರ್ಷದ ಆಸ್ಪತ್ರೆ ಪೋಸ್ಟಿಂಗ್ ಇವತ್ತು ಶುರುವಾಯಿತು. ಒಳಗೆ ಕಾಲಿಟ್ಟು ಅರ್ಧ ಗಂಟೆಯೂ ಆಗಿರಲಿಲ್ಲ, ಎರಡು ಸಲ ಬೈಸಿಕೊಂಡೆ. ಮೊದಲನೆಯದು ಲಿಫ್ಟಿನಲ್ಲಿ ನಿಂತು ರೋಗಿಯೊಬ್ಬರ ವಿಷಯ ಮಾತಾಡಿದ್ದಕ್ಕೆ. ಎರಡನೆಯದು, ನಾನು ಹಾಗೆ ಮಾತಾಡಿಯೇ ಇಲ್ಲ ಎಂದು ವಾದ ಮಾಡಿದ್ದಕ್ಕೆ. ಬೈದವರು ಸ್ಪೀಚ್ ಥೆರಪಿ ವಿಭಾಗದ ಮೇಡಂ. ಮಾರ್ಚ್ ಮುಗಿಯುವವರೆಗೆ ನನ್ನ ಜುಟ್ಟು ಅವರ ಕೈಯಲ್ಲಿ. ಅವರು ಪಾಸು ಎಂದರೆ ಪಾಸು, ಇಲ್ಲವೆಂದರೆ ಮುಂದಿನ ವರ್ಷ ಮತ್ತೆ ಇದೇ ಲಿಫ್ಟು.

ನನಗೇನೂ ಭಯವಿಲ್ಲ. ಮಾತು ಹೋದವರಿಗೆ ಮಾತು ಮರಳಿಸುವ ಕೆಲಸ ಇದು, ಮಾತಿಗೆ ನನ್ನ ಹತ್ತಿರ ಯಾವತ್ತೂ ಬರವಿಲ್ಲ. ಮನೆಯಲ್ಲಿ ಅಪ್ಪ ನನ್ನನ್ನು ಕರೆಯುವುದೇ ರೇಡಿಯೋ ಎಂದು. ಕರೆಂಟು ಹೋದರೂ ನಿಲ್ಲದ ರೇಡಿಯೋ ಇದೊಂದೇ ಅಂತೆ. ಅಪ್ಪ ಏನು ಬೇಕಾದರೂ ಹೇಳಿಕೊಳ್ಳಲಿ, ಈ ಕೋರ್ಸಿಗೆ ಹೇಳಿ ಮಾಡಿಸಿದ ಹುಡುಗಿ ನಾನು.

ನನಗೆ ಕೊಟ್ಟಿರುವ ರೋಗಿ ಕಿಟಕಿ ಪಕ್ಕದ ಹಾಸಿಗೆಯವರು. ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುತ್ತಿದ್ದವರು. ಅವರು ಬೆಳಿಗ್ಗೆ ಕೂಗಿದರೆ ಎರಡು ಬೀದಿ ಆಚೆ ಮಲಗಿದ್ದವರು ಎದ್ದು ಕೂರುತ್ತಿದ್ದರಂತೆ. ಹೋದ ತಿಂಗಳು ಲಕ್ವ ಹೊಡೆದು ಬಲಗೈ ಬಲಗಾಲು ಸೋತಿವೆ, ಮಾತು ಪೂರ್ತಿ ನಿಂತುಹೋಗಿದೆ. ಉಳಿದಿರುವುದು ಒಂದೇ ಒಂದು ಶಬ್ದ, ಹೂಂ. ಆದರೆ ಅದೆಂಥ ಹೂಂ! ಹುಬ್ಬು ಎತ್ತಿ, ತಲೆಯಾಡಿಸಿ, ಅರ್ಧ ಮುಖದಲ್ಲಿ ನಗು ತುಂಬಿಕೊಂಡು ಹೇಳುತ್ತಾರೆ. ಅವರಿಗೆ ನಾನು ಹರಾಜಣ್ಣ ಎಂದು ಹೆಸರಿಟ್ಟೆ. ಹೆಸರು ಹಿಡಿಸಿತಾ ಅಣ್ಣಾ ಎಂದು ಕೇಳಿದರೆ, ಹೂಂ.

ಅವರು ಅಣ್ಣನಾದ ಮೇಲೆ ಅವರ ಹೆಂಡತಿ ಅತ್ತಿಗೆಯಾಗಲೇಬೇಕಲ್ಲ. ಅತ್ತಿಗೆ ಟೈಲರ್. ಹಾಸಿಗೆ ಪಕ್ಕದ ಸ್ಟೂಲಿನಲ್ಲಿ ಕೂತು ಯಾರದೋ ಶಾಲೆಯ ಯೂನಿಫಾರಂ ಶರ್ಟುಗಳಿಗೆ ಗುಂಡಿ ಹೊಲಿಯುತ್ತಿರುತ್ತಾರೆ. ಕೇಳಿದ್ದಕ್ಕಷ್ಟೇ ಉತ್ತರ. ಪರವಾಗಿಲ್ಲ, ಅವರ ಪಾಲಿನದೂ ನಾನೇ ಮಾತಾಡಿದೆ.

ಫೆಬ್ರವರಿ 6, ಗುರುವಾರ

ನಾನೂ ಹರಾಜಣ್ಣನೂ ಈಗ ಜೀವದ ಗೆಳೆಯರು. ಅವರು ಬಾಯಿ ತೆರೆಯುವುದರೊಳಗೆ ಏನು ಬೇಕೆಂದು ನನಗೆ ಹೊಳೆದುಬಿಡುತ್ತದೆ. ಟೀ ಬೇಕಾ? ಹೂಂ. ದಿಂಬು ಎತ್ತರ ಮಾಡ್ಲಾ? ಹೂಂ. ಕಿಟಕಿ ಹಾಕ್ಲಾ? ಹೂಂ. ಪಕ್ಕದ ಹಾಸಿಗೆಯ ತಾತ ಕೂಡ, "ನಿಂಗೆ ಇವ್ರ ಮನಸ್ಸು ಕನ್ನಡಿ ಥರ ಕಾಣುತ್ತೆ ಕಣಮ್ಮ" ಎಂದರು. ಉಬ್ಬಿಹೋದೆ.

ಮೇಡಂ ಮಾತ್ರ ಬಾಗಿಲಲ್ಲಿ ನಿಂತು ನೋಡಿ, ಆಮೇಲೆ ಕೇಳಿದರು:

"ಇವತ್ತು ಸೆಷನ್ ಹೇಗಾಯ್ತು?"

"ತುಂಬಾ ಚೆನ್ನಾಗಾಯ್ತು ಮೇಡಂ. ತುಂಬಾ ಮಾತಾಡಿದ್ವಿ."

"ಅವರು ಮಾತಾಡಿದ್ರೋ, ನೀನೋ?"

ಕೆಲವರಿಗೆ ಬೇರೆಯವರ ಖುಷಿ ಕಂಡರೆ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಇದನ್ನೆಲ್ಲ ಊಟಕ್ಕೆ ಕೂತಾಗ ಅಮ್ಮನಿಗೆ ಹೇಳಿದೆ. ಅಮ್ಮ, "ನಮ್ಮ ಆಫೀಸಲ್ಲೂ ಇವತ್ತು..." ಎಂದು ಶುರುಮಾಡಿದಳು. ಆ ಹೊಸ ಮ್ಯಾನೇಜರ್ ಕಥೆ ತಾನೇ ಎಂದು ನಾನೇ ಮುಗಿಸಿ, ಮೇಡಂ ವಿಷಯಕ್ಕೆ ವಾಪಸು ಬಂದೆ.

ಫೆಬ್ರವರಿ 11, ಮಂಗಳವಾರ

ಹರಾಜಣ್ಣನ ಅಕ್ಕ ದೂರದ ಊರಿನಿಂದ ಬಂದಿದ್ದಾರೆ. ಎಲ್ಲರೂ ದೊಡ್ಡಕ್ಕ ಎನ್ನುತ್ತಾರೆ, ದೊಡ್ಡಕ್ಕನೇ ಸರಿ. ಬಾಗಿಲಲ್ಲೇ "ಏನಾಯ್ತೋ ನಿಂಗೆ!" ಎಂದು ಅತ್ತು, ಹಾಸಿಗೆ ಹತ್ತಿರ ಬರುವಷ್ಟರಲ್ಲಿ ಕಣ್ಣೊರೆಸಿಕೊಂಡು, ಕೂತ ಮೇಲೆ ವಾರ್ಡನ್ನೇ ಕೈಗೆ ತೆಗೆದುಕೊಂಡರು. ತಮ್ಮನ ಉಗುರು ಕತ್ತರಿಸಿದರು, ನರ್ಸ್‌ಗೆ ಹೊದಿಕೆ ಮಡಿಸುವುದು ಹೇಗೆ ಎಂದು ತೋರಿಸಿದರು. ನನಗೆ ತುಂಬಾ ಹಿಡಿಸಿದರು. ನನ್ನ ಜಾತಿಯ ಜನ, ಉಸಿರು ತೆಗೆದುಕೊಳ್ಳಲು ಮಾತ್ರ ಮಾತು ನಿಲ್ಲಿಸುತ್ತಾರೆ.

ದೊಡ್ಡಕ್ಕನ ಲೆಕ್ಕಾಚಾರ ಸರಳ. ಹರಾಜಣ್ಣನ ಮನೆ ಎರಡನೇ ಮಹಡಿಯಲ್ಲಿ, ಮೆಟ್ಟಿಲು ಕಡಿದು. ದೊಡ್ಡಕ್ಕನದು ನೆಲಮಹಡಿ, ಹಿಂದೆ ಅಂಗಳ, ನೋಡಿಕೊಳ್ಳಲು ಮನೆ ತುಂಬ ಜನ. ಆಸ್ಪತ್ರೆಯಿಂದ ಬಿಟ್ಟ ಮೇಲೆ ತಮ್ಮ ತನ್ನ ಜೊತೆಯಲ್ಲೇ ಇರಲಿ. ಅತ್ತಿಗೆ ಇಲ್ಲಿಯ ಹೊಲಿಗೆ ಬಿಟ್ಟು ಹೋಗುವಂತಿಲ್ಲ, ಆಗಾಗ ಬಂದು ನೋಡಿದರಾಯಿತು. ಆ ಊರಿನಲ್ಲಿ ಸ್ಪೀಚ್ ಥೆರಪಿಯವರು ಯಾರೂ ಇಲ್ಲವಲ್ಲ ಎಂದು ನಾನು ಹೇಳಿದೆ. "ಮನೆ ಮಂದಿ ಮಾತಾಡಿಸ್ತಾ ಇದ್ರೆ ತಾನಾಗೇ ಬರುತ್ತೆ ಬಿಡಮ್ಮ" ಎಂದರು.

ಮೇಡಂ ಇವತ್ತು ರಜೆ. ರೌಂಡ್ಸಿಗೆ ಬಂದ ಡಾಕ್ಟರು ನನ್ನನ್ನೇ ಕೇಳಿದರು, "ಪೇಷೆಂಟ್‌ಗೆ ಇದು ಒಪ್ಪಿಗೇನಾ? ನೀವೇ ತಾನೇ ಇವರ ಜೊತೆ ಕೆಲಸ ಮಾಡ್ತಿರೋದು?" ಡಾಕ್ಟರೊಬ್ಬರು ನನ್ನನ್ನು ನೀವು ಎಂದದ್ದು ಇದೇ ಮೊದಲು. ನಾನು ಹಾಸಿಗೆಯ ಹತ್ತಿರ ಬಗ್ಗಿ, "ಅಣ್ಣಾ, ಅಕ್ಕನ ಮನೆಗೆ ಹೋಗ್ತೀರಾ?" ಎಂದೆ.

"ಹೂಂ."

"ಒಪ್ಪಿದ್ದಾರೆ ಸರ್" ಎಂದೆ. ಡಾಕ್ಟರು ಬರೆದುಕೊಂಡರು. ದೊಡ್ಡಕ್ಕ ನನ್ನ ಗಲ್ಲ ಹಿಡಿದು ಮುದ್ದು ಮಾಡಿದರು. ಅತ್ತಿಗೆ ತಲೆ ಎತ್ತಲಿಲ್ಲ, ಗುಂಡಿ ಹೊಲಿಯುತ್ತಲೇ ಇದ್ದರು. ನನ್ನಿಂದ ಒಂದು ದೊಡ್ಡ ತೀರ್ಮಾನ ಆಯಿತು ಎಂದು ಬಸ್ಸಿನಲ್ಲಿ ಬರುವಾಗ ಹೆಮ್ಮೆ ಅನ್ನಿಸಿತು.

ಫೆಬ್ರವರಿ 12, ಬುಧವಾರ

ಬರೆಯಲು ಕೈ ಏಳುತ್ತಿಲ್ಲ.

ಬೆಳಿಗ್ಗೆ ಹೋಗುವಷ್ಟರಲ್ಲಿ ಹರಾಜಣ್ಣನ ತಟ್ಟೆ ನೆಲದ ಮೇಲಿತ್ತು, ಗಂಜಿ ಗೋಡೆಯ ಮೇಲಿತ್ತು. ದೊಡ್ಡಕ್ಕ ಪ್ರಯಾಣದ ಚೀಲದ ಮಾತೆತ್ತಿದ ಕೂಡಲೇ ಎಡಗೈಯಲ್ಲಿ ಎತ್ತಿ ಎಸೆದರಂತೆ. ನಾನು "ಅಣ್ಣಾ" ಎಂದರೆ ಮುಖ ಗೋಡೆಯ ಕಡೆ ತಿರುಗಿಸಿದರು. ಮೇಡಂ ಬಂದು ವಿಷಯ ತಿಳಿದುಕೊಂಡರು. ನನ್ನನ್ನು ಹಾಸಿಗೆಯ ಪಕ್ಕ ನಿಲ್ಲಿಸಿಕೊಂಡು, ಅವರ ಭುಜ ಸವರಿ, ತಿರುಗಿಸಿ ಕೂರಿಸಿ, ನಿಧಾನವಾಗಿ ಕೇಳಿದರು.

"ಕಲ್ಲು ನೀರಲ್ಲಿ ತೇಲುತ್ತಾ?"

"ಹೂಂ."

"ನೀವು ಈ ಆಸ್ಪತ್ರೆ ಡಾಕ್ಟ್ರಾ?"

"ಹೂಂ."

"ಈಗ ರಾತ್ರೀನಾ?"

ಕಿಟಕಿಯ ತುಂಬ ಬಿಸಿಲು. "ಹೂಂ" ಎಂದರು, ಅದೇ ಹುಬ್ಬು, ಅದೇ ನಗು. ಹೇಳಿದ ಮೇಲೆ ತಪ್ಪು ಹೇಳಿದೆನೇನೋ ಎಂದು ಮೇಡಂ ಮುಖವನ್ನೇ ನೋಡಿದರು. ಆ ನೋಟ ನನ್ನಿಂದ ಸಹಿಸಲಾಗಲಿಲ್ಲ.

ಮಿದುಳಿನ ಆ ಭಾಗಕ್ಕೆ ಪೆಟ್ಟಾದವರಲ್ಲಿ ಹೂಂ ಎಂಬುದು ಒಪ್ಪಿಗೆಯೇ ಆಗಿರಬೇಕಿಲ್ಲ. ಬಾಯಿಗೆ ಸಿಕ್ಕಿದ ಒಂದೇ ಶಬ್ದ ಅದು, ಎಲ್ಲದಕ್ಕೂ ಅದೇ ಹೊರಡುತ್ತದೆ. ಮೊದಲ ದಿನವೇ ಇಂಥ ಪ್ರಶ್ನೆ ಕೇಳಿ ಪರೀಕ್ಷಿಸಬೇಕು. ಎರಡನೇ ವರ್ಷದ ಪಾಠ, ನಾನು ಅದರಲ್ಲಿ ಒಳ್ಳೆಯ ಅಂಕ ತೆಗೆದವಳು. ಇಲ್ಲಿ ನಗುಮುಖ ನೋಡಿ ಮರೆತೇಬಿಟ್ಟೆ.

"ಇಷ್ಟು ದಿನ ಅವರ ಜೊತೆ ಮಾತಾಡಿದ್ದು ಯಾರು?" ಮೇಡಂ ಕಾರಿಡಾರಿನಲ್ಲಿ ಕೇಳಿದರು. "ಪ್ರಶ್ನೆ ನಿಂದೇ, ಉತ್ತರಾನೂ ನಿಂದೇ. ಅವರ ಬಾಯಿ ಒಂದು ಸಾಲ ತಗೊಂಡಿದ್ದೀಯ ಅಷ್ಟೇ."

ದೊಡ್ಡಕ್ಕನ ಮನೆಗೆ ಹೋಗಬೇಕೋ ಬೇಡವೋ, ಅವರಿಗೆ ಏನು ಬೇಕೋ, ಈಗ ಯಾರಿಗೂ ಗೊತ್ತಿಲ್ಲ. ತಟ್ಟೆ ಎಸೆದದ್ದು ಗಂಜಿಯ ಮೇಲಿನ ಸಿಟ್ಟೂ ಇರಬಹುದು. ಮಾರ್ಚ್ ಇಪ್ಪತ್ತಕ್ಕೆ ಡಿಸ್ಚಾರ್ಜ್ ಮೀಟಿಂಗ್. ಅಷ್ಟರೊಳಗೆ ಅವರೇ ಹೇಳುವಂತಾದರೆ ಅವರು ಹೇಳಿದಂತೆ. ಇಲ್ಲದಿದ್ದರೆ ಮನೆಯವರು ಹೇಳಿದಂತೆ, ಅಂದರೆ ದೊಡ್ಡಕ್ಕ ಹೇಳಿದಂತೆ.

"ಬೇರೆ ಯಾರಿಗಾದ್ರೂ ಅವರನ್ನ ಕೊಡಿ ಮೇಡಂ" ಎಂದೆ.

"ಕೊಡಲ್ಲ. ಮುರಿದೋಳು ನೀನು, ಕಟ್ಟೋಳೂ ನೀನೇ. ಆದ್ರೆ ಇನ್ನೊಂದು ಸಲ ರೋಗಿ ಪರವಾಗಿ ನೀನು ಉತ್ತರ ಕೊಟ್ಟಿದ್ದು ಕಂಡ್ರೆ, ಪಾಸಿನ ಆಸೆ ಬಿಟ್ಬಿಡು."

ಫೆಬ್ರವರಿ 13, ಗುರುವಾರ

ಹೋಗಲಿಲ್ಲ. ಜ್ವರ ಎಂದು ಸುಳ್ಳು ಹೇಳಿ ಮುಸುಕು ಹಾಕಿಕೊಂಡು ಮಲಗಿದೆ. ಈ ಕೋರ್ಸು ನನ್ನದಲ್ಲ.

ಫೆಬ್ರವರಿ 14, ಶುಕ್ರವಾರ

ಇವತ್ತೂ ಹೋಗುವುದಿಲ್ಲ ಎಂದೇ ಇದ್ದೆ. ಅಪ್ಪ ಕಾಫಿ ಲೋಟ ತಂದು ಮಂಚದ ಪಕ್ಕ ಇಟ್ಟು, "ರೇಡಿಯೋ ರಿಪೇರಿಗೆ ಹೋಗಿದೆಯಾ?" ಎಂದರು. ಎಲ್ಲ ಹೇಳಿಕೊಂಡು ಅತ್ತೆ. ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಸಮಾಧಾನ ಹೇಳುವುದು ಅವರಿಗೆ ಬರುವುದಿಲ್ಲ. "ಕೆಟ್ಟ ಗಾಡೀನ ಬಿಚ್ಚಿದ ಮೇಲೆ ಜೋಡಿಸದೇ ಮನೆಗೆ ಬಂದ್ರೆ ನಮ್ಮಲ್ಲಿ ಕೆಲಸದಿಂದ ತೆಗೀತಾರೆ" ಎಂದಷ್ಟೇ ಹೇಳಿ ಎದ್ದುಹೋದರು.

ಹೋದೆ. ಹರಾಜಣ್ಣ ಗೋಡೆ ನೋಡುತ್ತಾ ಮಲಗಿದ್ದರು. ನಾನು ಅವರ ಬೆನ್ನು ನೋಡುತ್ತಾ ಕೂತೆ. ಅಷ್ಟೇ ಇವತ್ತಿನ ಸೆಷನ್.

ಫೆಬ್ರವರಿ 17, ಸೋಮವಾರ

ಸುಮ್ಮನಿರುವುದು ಇಷ್ಟು ಕಷ್ಟ ಎಂದು ಯಾರೂ ನನಗೆ ಹೇಳಿರಲಿಲ್ಲ. ಮೇಡಂ ಹೇಳಿಕೊಟ್ಟಿದ್ದು ಒಂದೇ ನಿಯಮ: ಒಂದು ಪ್ರಶ್ನೆ ಕೇಳು, ಆಮೇಲೆ ಕಾಯಿ. ಅವರ ಮುಖ ಕೆಂಪಾಗಲಿ, ನಿನ್ನ ಮುಖ ಕೆಂಪಾಗಲಿ, ಕಾಯಿ. ಇವತ್ತು ನೀರಿನ ಲೋಟ ತೋರಿಸಿ "ಏನಿದು ಅಣ್ಣಾ?" ಎಂದೆ. ಅವರು ಮೊದಲ ಬಾರಿ ನನ್ನ ಕಡೆ ತಿರುಗಿದರು, ಬಾಯಿ ತೆರೆದರು. ತುಟಿ ಅಲುಗಿತು. ಅಷ್ಟರಲ್ಲಿ "ನೀರು" ಎಂದು ಕೇಳಿಸಿತು. ಹೇಳಿದವಳು ನಾನೇ. ಅವರು ಕಣ್ಣು ಮುಚ್ಚಿಕೊಂಡರು. ಮೇಡಂ ಬಾಗಿಲಲ್ಲಿ ಇರಲಿಲ್ಲ, ಬಚಾವ್. ಆದರೂ ನನ್ನ ಬಾಯಿಗೆ ಹೊಲಿಗೆ ಹಾಕಿಸಬೇಕು. ಅತ್ತಿಗೆಯ ಹತ್ತಿರ ಸೂಜಿ ದಾರ ಹೇಗೂ ಇದೆ.

ಫೆಬ್ರವರಿ 18, ಮಂಗಳವಾರ

ಇವತ್ತು ಒಂದು ಉಪಾಯ ಮಾಡಿದೆ. ಪ್ರಶ್ನೆ ಕೇಳಿದ ಕೂಡಲೇ ಬಾಯಿ ತುಂಬ ನೀರು ತುಂಬಿಕೊಂಡು ಕೂತೆ. ಬಾಯಿ ಬಿಟ್ಟರೆ ಸುರಿಯುತ್ತದೆ, ಬಿಡದೇ ಇದ್ದರೆ ಗೆದ್ದೆ.

ಹರಾಜಣ್ಣ ಉತ್ತರಕ್ಕೆ ತಡಕಾಡುತ್ತಾ ನನ್ನ ಮುಖ ನೋಡಿದರು. ಉಬ್ಬಿದ ಕೆನ್ನೆ, ಅಗಲವಾದ ಕಣ್ಣು. ಬಲಗೆನ್ನೆ ನೋಡಿದರು, ಎಡಗೆನ್ನೆ ನೋಡಿದರು, ಮೇಜಿನ ಮೇಲಿನ ಅರ್ಧ ಖಾಲಿ ಲೋಟ ನೋಡಿದರು. ವಿಷಯ ಹೊಳೆಯಿತು. ನಗಲು ಶುರುಮಾಡಿದರು. ಅರ್ಧ ಮುಖದ ನಗುವಲ್ಲ, ಹೊಟ್ಟೆ ಕುಣಿಯುವ ನಗು. ನನಗೂ ತಡೆಯಲಾಗಲಿಲ್ಲ. ನೀರೆಲ್ಲ ಹೊದಿಕೆಯ ಮೇಲೆ, ಅವರ ಗಡ್ಡದ ಮೇಲೆ, ಅತ್ತಿಗೆಯ ಮಡಿಲಿನ ಶರ್ಟಿನ ಮೇಲೆ. ಅತ್ತಿಗೆ "ಅಯ್ಯೋ ನಿನ್ನ!" ಎಂದು ಎದ್ದು ನಿಂತವರು ತಾವೂ ನಕ್ಕುಬಿಟ್ಟರು. ಅವರ ನಗು ಕೇಳಿದ್ದು ಇದೇ ಮೊದಲು. ಪಕ್ಕದ ತಾತ ಏನಾಯಿತು ಏನಾಯಿತು ಎಂದು ಕೇಳುತ್ತಲೇ ಇದ್ದರು, ಹೇಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ಮಾತು ಒಂದೂ ಬರಲಿಲ್ಲ. ಆದರೆ ನಾನು ಹೊರಡುವಾಗ ಅವರು ಗೋಡೆಯ ಕಡೆ ತಿರುಗಲಿಲ್ಲ.

ಫೆಬ್ರವರಿ 24, ಸೋಮವಾರ

ಬೇಡ ಎನ್ನಲು ಬಂದರೆ ಮಾತ್ರ ಹೂಂ ಎನ್ನುವುದಕ್ಕೆ ಬೆಲೆ, ಮೊದಲು ಬೇಡ ಕಲಿಸು ಎಂದರು ಮೇಡಂ. ಬೇಡ ಎಂದು ಹೇಳಲೇಬೇಕು ಅನ್ನಿಸುವಂಥದ್ದು ಏನು ಕೊಡುವುದು? ಬೆಳಿಗ್ಗೆ ಮಾರುಕಟ್ಟೆಗೆ ಹೋಗಿ, ಹುಡುಕಿ ಹುಡುಕಿ, ಎಸೆಯಲು ಇಟ್ಟಿದ್ದ ಕೊಳೆತ ಟೊಮೇಟೊ ಒಂದನ್ನು ತಂದೆ. ಅಂಗಡಿಯವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

ಜೀವಮಾನವೆಲ್ಲ ಒಳ್ಳೆಯ ಮಾಲು ಕೂಗಿದ ಮನುಷ್ಯನ ಅಂಗೈಗೆ ಅದನ್ನಿಟ್ಟು, "ಒಳ್ಳೇ ಟೊಮೇಟೊ, ಅಲ್ವಾ ಅಣ್ಣಾ?" ಎಂದೆ.

"ಹೂ..." ಎಂದು ಹೊರಟ ಶಬ್ದ ಅರ್ಧದಲ್ಲಿ ನಿಂತಿತು. ನಿಂತಿತು! ಟೊಮೇಟೊವನ್ನು ತಿರುಗಿಸಿ ನೋಡಿದರು, ಮೂಸಿದರು. ಮುಖ ಹುಳ್ಳಗಾಯಿತು. ನಾನು ಕಾದೆ. ತುಟಿ ಮುಂದೆ ಬಂತು, ಹಿಂದೆ ಹೋಯಿತು, ಮತ್ತೆ ಮುಂದೆ ಬಂತು.

"ಥೂ!"

ಓಡಿಹೋಗಿ ಮೇಡಂಗೆ ಹೇಳಿದೆ. "ಥೂ ಅಂದ್ರು ಮೇಡಂ! ನಂಗೇ ಅಂದ್ರು!" ಮೇಡಂ ನಕ್ಕಿದ್ದನ್ನು ನೋಡಿದೆ ಎಂದು ನಾನು ಆಣೆ ಮಾಡಿ ಹೇಳಬಲ್ಲೆ, ಅವರು ಒಪ್ಪದಿದ್ದರೂ.

ಮಾರ್ಚ್ 1, ಶನಿವಾರ

ಏರಿದಷ್ಟೇ ಬೇಗ ಬಿದ್ದೆ.

ಬೆಳಿಗ್ಗೆ ಮಾರುಕಟ್ಟೆಯ ಇಬ್ಬರು ವ್ಯಾಪಾರಿಗಳು ನೋಡಲು ಬಂದಿದ್ದರು. ಒಬ್ಬರು ತಮಾಷೆಗೆ ಬುಟ್ಟಿಯ ಕಿತ್ತಳೆ ಎತ್ತಿ ಹಿಡಿದು, "ಕೂಗಣ್ಣ!" ಎಂದರು. ಹರಾಜಣ್ಣ ದಿಂಬಿನಿಂದ ಬೆನ್ನು ಬಿಡಿಸಿ, "ಒಂದು ಸಾರಿ... ಎರಡು ಸಾರಿ... ಮೂರು ಸಾರಿ!" ಎಂದು ವಾರ್ಡು ಗುಂಯ್‌ಗುಡುವಂತೆ ಕೂಗಿಬಿಟ್ಟರು. ಸ್ಪಷ್ಟ ಮಾತು! ಎಲ್ಲರೂ ಚಪ್ಪಾಳೆ ತಟ್ಟಿದರು, ನಾನಂತೂ ಕುಣಿದೆ. ಊರಿಗೆ ವಾಪಸು ಹೋಗಿರುವ ದೊಡ್ಡಕ್ಕ ಫೋನಿನಲ್ಲಿ ಅದನ್ನು ಕೇಳಿಸಿಕೊಂಡು, "ಮಾತು ಬಂತಲ್ಲ, ಇನ್ನು ಅಲ್ಲಿ ಏನು ಕೆಲಸ? ಕರ್ಕೊಂಡ್ ಬರ್ತೀನಿ" ಎಂದರು.

ಮೇಡಂ ಬಂದು ತಲೆ ಅಲ್ಲಾಡಿಸಿದರು. ವರ್ಷಗಟ್ಟಲೆ ಕೂಗಿ ಸವೆದ ದಾರಿ ಅದು, ಯೋಚಿಸದೆ ತಾನಾಗಿ ಹೊರಡುತ್ತದೆ. ಬೇಕಾದದ್ದನ್ನು ಕೇಳುವ ಮಾತು ಬೇರೆ ದಾರಿಯದು. ಅದು ಹರಾಜಣ್ಣನಿಗೂ ತಿಳಿಯಿತು. ಗೆಳೆಯರು ಹೋದ ಮೇಲೆ ಲೋಟ ನೋಡಿ ನೀರು ಕೇಳಲು ಹೊರಟರು. "ಒಂದು ಸಾರಿ" ಎಂದಿತು ಬಾಯಿ. ಮತ್ತೆ ಪ್ರಯತ್ನಿಸಿದರು. "ಎರಡು ಸಾರಿ." ಲೋಟ ತಳ್ಳಿ ಅತ್ತರು, ಗಂಡಸರು ಅಳುವಂತಲ್ಲ, ಬಾಯಿ ಬಿಟ್ಟು.

ನನಗೂ ಅಳು ಬಂತು. ಅವರ ಎಡಗೈ ಹಿಡಿದುಕೊಂಡು ಕೂತಿದ್ದೆ. ತುಂಬ ಹೊತ್ತಾದ ಮೇಲೆ ಅವರೇ ಲೋಟ ಹತ್ತಿರ ಎಳೆದುಕೊಂಡು, ನನ್ನ ಕಡೆ ನೋಡಿ, ಗಲ್ಲ ಮುಂದೆ ಮಾಡಿದರು. ಪ್ರಶ್ನೆ ಕೇಳು ಎಂದು.

ಕೇಳಿದೆ. ಬರಲಿಲ್ಲ. ಮತ್ತೆ ಕೇಳು ಎಂದು ಗಲ್ಲ ಮಾಡಿದರು. ಮತ್ತೆ ಕೇಳಿದೆ. ಊಟದ ಗಾಡಿ ಬರುವವರೆಗೂ ಹೀಗೆಯೇ ನಡೆಯಿತು.

ಮಾರ್ಚ್ 4, ಮಂಗಳವಾರ

ಅಮ್ಮನಿಗೆ ಇವತ್ತು ಏನಾಯಿತೋ, ಊಟ ಮುಗಿದು ತಟ್ಟೆ ಒಣಗಿದರೂ ಮಾತು ಮುಗಿಯಲಿಲ್ಲ. ಆಫೀಸಿನ ಹೊಸ ಮ್ಯಾನೇಜರಿನಿಂದ ಶುರುವಾಗಿ, ಮದುವೆಗೆ ಮುಂಚೆ ಅವಳು ಈಜು ಕಲಿತಿದ್ದು, ಸ್ಪರ್ಧೆಗೆ ಹೆಸರು ಕೊಟ್ಟು ಹೋಗದೇ ಉಳಿದಿದ್ದು, ಎಲ್ಲ ಹೇಳಿದಳು. ಅಮ್ಮನಿಗೆ ಈಜು ಬರುತ್ತದೆ ಎಂದು ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ. ನಡುವೆ ಎಷ್ಟೋ ಹೊತ್ತು ಸುಮ್ಮನಾಗುತ್ತಿದ್ದಳು, ಆಮೇಲೆ ಮುಂದುವರಿಸುತ್ತಿದ್ದಳು. ಅಪ್ಪ ಬಾಗಿಲಲ್ಲಿ ನಿಂತು ನಮ್ಮಿಬ್ಬರನ್ನೂ ವಿಚಿತ್ರವಾಗಿ ನೋಡಿ ಹೋದರು.

ಮಾರ್ಚ್ 10, ಸೋಮವಾರ

"ಕಲ್ಲು ನೀರಲ್ಲಿ ತೇಲುತ್ತಾ?"

ಗೋಡೆ ಗಡಿಯಾರದ ಸದ್ದು ಕೇಳಿಸುತ್ತಿತ್ತು. ಹೊರಗೆ ಯಾರೋ ಬಕೆಟ್ಟು ಎಳೆದುಕೊಂಡು ಹೋದರು.

"ಇ... ಇಲ್ಲ."

ಅತ್ತಿಗೆಯ ಸೂಜಿ ಬೆರಳಿಗೆ ಚುಚ್ಚಿತು. ಕೊಳೆತ ಟೊಮೇಟೊ ಕೊಟ್ಟೆ. "ಬೇಡ." ಒಳ್ಳೆಯದು ಕೊಟ್ಟೆ. "ಹೂಂ." ಮತ್ತೆ ಕೊಳೆತದ್ದು. "ಬೇಡ, ಬೇಡ, ಬೇಡ!" ಇದನ್ನು ಬರೆಯುವಾಗಲೂ ನಗು ಬರುತ್ತಿದೆ.

ಮಾರ್ಚ್ 14, ಶುಕ್ರವಾರ

ಸುಸ್ತಾದರೆ, ಅಥವಾ ಸುತ್ತ ಜನ ಜಾಸ್ತಿಯಾದರೆ, ಹಳೆಯ ಹೂಂ ವಾಪಸು ಬರುತ್ತದೆ. ಮೀಟಿಂಗಿನಲ್ಲಿ ಜನ ಜಾಸ್ತಿಯೇ ಇರುತ್ತಾರೆ.

ಅತ್ತಿಗೆ ಇವತ್ತು ನೀರಿನ ಫಿಲ್ಟರಿನ ಹತ್ತಿರ ನನ್ನ ಕೈ ಹಿಡಿದರು. "ಅವ್ರಿಗೆ ಎಲ್ಲಿರಬೇಕು ಅಂತ ಆಸೆ ಇದೆ, ನಿಂಗೆ ಗೊತ್ತಿರುತ್ತಲ್ಲ. ಅಕ್ಕನ ಮನೇಲಿ ಸುಖವಾಗಿ ಇರ್ತಾರೆ ಅಂದ್ರೆ ನಾನು ಅಡ್ಡ ಬರಲ್ಲ. ಹೇಳಮ್ಮ."

"ನಂಗೆ ಗೊತ್ತಿಲ್ಲ ಅತ್ತಿಗೆ" ಎಂದೆ. "ಅವರನ್ನೇ ಕೇಳೋಣ."

ಅತ್ತಿಗೆ ನನ್ನ ಕೈ ಬಿಡಲಿಲ್ಲ. ಇನ್ನೇನೋ ಹೇಳಲಿಕ್ಕಿದೆ ಅನ್ನಿಸಿತು, ನಿಂತೆ. ಮೆಲ್ಲಗೆ ಹೇಳಿದರು, "ಮನೇಲಿ ಹೊಲಿಗೆ ಮೆಷಿನ್ ನಿಲ್ಲಿಸಿದ್ರೆ ಎಷ್ಟು ನಿಶ್ಶಬ್ದ ಗೊತ್ತಾ." ಪಾತ್ರೆ ತುಂಬಿ ನೀರು ಚೆಲ್ಲುತ್ತಿತ್ತು. ಇಬ್ಬರೂ ನಲ್ಲಿ ನಿಲ್ಲಿಸಲಿಲ್ಲ.

ಮಾರ್ಚ್ 20, ಗುರುವಾರ

ಎಲ್ಲವನ್ನೂ ಬರೆಯಬೇಕು, ಒಂದೂ ಬಿಡಬಾರದು.

ಚಿಕ್ಕ ಕೋಣೆ, ಮೇಜಿನ ಸುತ್ತ ಡಾಕ್ಟರು, ಮೇಡಂ, ನಡೆಯಲು ಕಲಿಸುತ್ತಿರುವ ಫಿಸಿಯೋ, ದೊಡ್ಡಕ್ಕ, ಅತ್ತಿಗೆ. ಗಾಲಿಕುರ್ಚಿಯಲ್ಲಿ ಹರಾಜಣ್ಣ. ಇಸ್ತ್ರಿ ಮಾಡಿದ ಶರ್ಟು, ಬಾಚಿದ ತಲೆ. ನನಗಿಂತ ಅವರೇ ಧೈರ್ಯವಾಗಿದ್ದಂತೆ ಕಂಡಿತು.

ಮೇಡಂ ನನ್ನ ಕಡೆ ನೋಡಿ, "ನೀನು ಕೇಳು" ಎಂದರು. ಹೋಗ್ತೀರಾ ಎಂದು ಕೇಳಿದರೆ ಹೂಂ ನುಗ್ಗಿ ಬರುತ್ತದೆ. ಹಾಗಾಗಿ, "ಅಣ್ಣಾ, ಇಲ್ಲಿಂದ ಎಲ್ಲಿಗೆ?" ಎಂದೆ. ಅಷ್ಟೇ.

ಅವರು ತುಟಿ ಕೂಡಿಸಿದರು. ದೊಡ್ಡಕ್ಕನಿಗೆ ತಡೆಯಲಾಗಲಿಲ್ಲ. ತಮ್ಮನ ಮಂಡಿ ಮುಟ್ಟಿ, "ನಮ್ಮನೆಗೇ ಅಲ್ವೇನೋ?" ಎಂದರು.

"ಹೂಂ."

"ನೋಡಿ! ಅವನೇ ಹೇಳ್ದ." ದೊಡ್ಡಕ್ಕ ಕಣ್ಣೊರೆಸಿಕೊಂಡರು. ಡಾಕ್ಟರು ಪೆನ್ನು ತೆಗೆದರು. ಅತ್ತಿಗೆ ತಲೆ ತಗ್ಗಿಸಿದರು. ಎಲ್ಲರೂ ನನ್ನನ್ನು ನೋಡಿದರು, ಸರಿ ತಾನೇ ಎನ್ನುವಂತೆ.

ನಾನು ಹರಾಜಣ್ಣನ ಮುಖವನ್ನೇ ನೋಡುತ್ತಿದ್ದೆ. ಹುಬ್ಬು ಎದ್ದಿರಲಿಲ್ಲ, ನಗು ಇರಲಿಲ್ಲ. ಕೊರಳಿನ ನರ ಉಬ್ಬಿತ್ತು.

"ಸರ್, ಅವರು ಇನ್ನೂ ಮುಗಿಸಿಲ್ಲ" ಎಂದೆ.

ಡಾಕ್ಟರು ಪೆನ್ನು ಹಾಗೇ ಹಿಡಿದರು. ಯಾರದೋ ಫೋನು ಮೇಜಿನ ಮೇಲೆ ಗುರ್ ಎಂದಿತು, ಯಾರೂ ಎತ್ತಲಿಲ್ಲ. ಫಿಸಿಯೋ ಕುರ್ಚಿಯಲ್ಲಿ ಜರುಗಿದರು. ದೊಡ್ಡಕ್ಕ ಬಾಯಿ ತೆರೆದವರು ನನ್ನ ಮುಖ ನೋಡಿ ಮುಚ್ಚಿಕೊಂಡರು. ಡಾಕ್ಟರು ಗಡಿಯಾರ ನೋಡಿದರು, ನನ್ನನ್ನು ನೋಡಿದರು. ನಾನು ಕೂತೇ ಇದ್ದೆ. ಅವರು ಏನು ಹೇಳುತ್ತಾರೋ ನನಗೆ ಗೊತ್ತಿರಲಿಲ್ಲ. ಹೇಳುತ್ತಾರೆ ಎಂಬುದು ಮಾತ್ರ ಗೊತ್ತಿತ್ತು.

"ಅ... ಅಕ್ಕಾ."

"ಹೇಳೋ" ಎಂದರು ದೊಡ್ಡಕ್ಕ, ಅವರ ದನಿಯೇ ಅಲ್ಲವೆನ್ನುವಷ್ಟು ಮೆಲ್ಲಗೆ.

ಎಡಗೈ ಎತ್ತಿದರು. "ಬೇ... ಬೇಡ."

ಒಂದು ಉಸಿರು. ಹಣೆಯ ಮೇಲೆ ಬೆವರು.

"ಮನೆ."

"ಯಾವ ಮನೆ?" ಡಾಕ್ಟರು ಕೇಳಿದರು. ಒಳ್ಳೆಯ ಪ್ರಶ್ನೆ. ಕೇಳಲೇಬೇಕಾದ ಪ್ರಶ್ನೆ.

ಹರಾಜಣ್ಣ ಇಡೀ ಮೈಯನ್ನು ಗಾಲಿಕುರ್ಚಿಯಲ್ಲಿ ಎಳೆದು ತಿರುಗಿಸಿ, ಅತ್ತಿಗೆಯ ಕಡೆ ಬೆರಳು ಮಾಡಿದರು.

"ಇವ್ಳ... ಮನೆ."

ಅತ್ತಿಗೆ ತಲೆ ಎತ್ತಿದರು. ಕಣ್ಣಲ್ಲಿ ನೀರು ತುಂಬಿತ್ತು, ಬಾಯಿ ಮಾತ್ರ ಜೋರಾಗಿತ್ತು. "ನೋಡಿ ದೊಡ್ಡಕ್ಕಾ, ಇಷ್ಟು ವರ್ಷಕ್ಕೆ ಒಪ್ಕೊಂಡ್ರು, ಅದು ನನ್ ಮನೆ ಅಂತ!"

ಡಾಕ್ಟರು ನಕ್ಕರು. ದೊಡ್ಡಕ್ಕ ಎದ್ದು ತಮ್ಮನ ತಲೆಗೆ ಮೊಟಕಿ, ಅದೇ ತಲೆಯನ್ನು ಎದೆಗೆ ಒತ್ತಿಕೊಂಡು, "ಲಕ್ವ ಹೊಡೆದ್ರೂ ಹಠ ಹೋಗ್ಲಿಲ್ವಲ್ಲೋ ನಿಂದು! ಆಯ್ತು, ನಾನೇ ಬಂದು ಇರ್ತೀನಿ, ಆಗ ಬೇಡ ಅನ್ನು ನೋಡೋಣ" ಎಂದು ಗೊಳೋ ಎಂದು ಅತ್ತರು. "ಬಾ" ಎಂದರು ಹರಾಜಣ್ಣ. ಒಂದೇ ಏಟಿಗೆ, ತಡವರಿಸದೆ. ಫಿಸಿಯೋ ಮೇಜು ಗುದ್ದಿ, "ಮೆಟ್ಟಿಲು ಹತ್ತಿಸೋದು ನನ್ನ ತಲೆನೋವು" ಎಂದರು. ಡಾಕ್ಟರು ಹಳೆಯ ಸಾಲನ್ನು ಹೊಡೆದುಹಾಕಿ ಹೊಸದಾಗಿ ಬರೆದರು.

ಹೊರಗೆ ಬಂದ ಮೇಲೆ ಮೇಡಂ ಕಾರಿಡಾರಿನಲ್ಲಿ ನಿಂತರು. ಬೈಗುಳಕ್ಕೆ ಅಣಿಯಾದೆ, ಅಭ್ಯಾಸ.

"ಅಷ್ಟು ಹೊತ್ತು ಆಗೋಯ್ತಲ್ಲ, ನಾನೇ ಬಾಯಿ ಹಾಕೋಕೆ ಹೊರಟಿದ್ದೆ" ಎಂದರು. "ನಿನ್ನ ನೋಡಿ ಸುಮ್ನಾದೆ. ಪಾಸು, ಹೋಗು."

ಮೆಟ್ಟಿಲ ಮೂಲೆಗೆ ಹೋಗಿ ಒಬ್ಬಳೇ ಕುಣಿದೆ. ಒಬ್ಬ ವಾರ್ಡ್ ಅಟೆಂಡರ್ ನೋಡಿದರು. ನೋಡಲಿ.

ಮಾರ್ಚ್ 22, ಶನಿವಾರ

ಹರಾಜಣ್ಣ ಮನೆಗೆ ಹೋದರು. ಕೈಗೋಲು ಹಿಡಿದು, ಅತ್ತಿಗೆಯ ಭುಜ ಹಿಡಿದು, ಲಿಫ್ಟಿನವರೆಗೆ ನಡೆದೇ ಬಂದರು. ಹಿಂದೆ ದೊಡ್ಡಕ್ಕ ಮೂರು ಚೀಲ ಹೊತ್ತುಕೊಂಡು ಎಲ್ಲರಿಗೂ ದಾರಿ ಬಿಡಿಸುತ್ತಿದ್ದರು. ನಾನು ಪಕ್ಕದಲ್ಲಿ ನಡೆದೆ.

ಲಿಫ್ಟು ಬಂತು. ಹರಾಜಣ್ಣ ಹತ್ತಲಿಲ್ಲ. ನನ್ನ ಕಡೆ ತಿರುಗಿ ನಿಂತರು, ತುಟಿ ಅಲುಗಿತು. ಅತ್ತಿಗೆ, ದೊಡ್ಡಕ್ಕ, ಲಿಫ್ಟಿನಲ್ಲಿದ್ದ ಗೊತ್ತಿಲ್ಲದವರು, ಎಲ್ಲರೂ ಸುಮ್ಮನೆ ಕಾದರು.

"ನೀನು..."

ನಾನೂ ಕಾದೆ.

"ಮಾ... ಮಾತಾಡು."

ಬಾಯಿ ತೆರೆದೆ. ಏನೂ ಬರಲಿಲ್ಲ. ಅಳು ಬರುತ್ತಿತ್ತು, ಒಂದೇ ಒಂದು ಶಬ್ದ ಬರಲೊಲ್ಲದು. ಅವರು ಅವಸರ ಮಾಡಲಿಲ್ಲ. ಕೈಗೋಲಿನ ಮೇಲೆ ಭಾರ ಹಾಕಿ, ನನ್ನ ಮುಖ ನೋಡುತ್ತಾ ನಿಂತರು. ದೊಡ್ಡಕ್ಕ ಏನೋ ಹೇಳಹೊರಟರೆ ಎಡಗೈ ಎತ್ತಿ ತಡೆದರು.

ಆಮೇಲೆ ಬಂತು. ಪ್ರತಿ ಮಂಗಳವಾರ ಥೆರಪಿಗೆ ತಪ್ಪದೆ ಬನ್ನಿ ಎಂದೆ, ದಿನಾ ಅಭ್ಯಾಸ ಮಾಡಿ ಎಂದೆ, ಮಾರುಕಟ್ಟೆಗೆ ಒಂದು ದಿನ ನಾನೇ ಬಂದು ನೀವು ಕೂಗೋದು ಕೇಳ್ತೀನಿ ಎಂದೆ, ನಿಮ್ಮ ಹಾಸಿಗೆ ಖಾಲಿ ನೋಡೋಕೆ ನನ್ನ ಕೈಲಿ ಆಗಲ್ಲ ಎಂದೆ, ಇನ್ನೂ ಏನೇನೋ ಅಂದೆ. ಲಿಫ್ಟು ಹೋಯಿತು, ಮತ್ತೆ ಬಂತು, ಮತ್ತೆ ಹೋಯಿತು. ಯಾರೂ ಹತ್ತಲಿಲ್ಲ.